ಹಿಂದಿನ ಗೋಡೆಗೆ ಒರಗಿ ನಿಂತವರು

ನಮ್ಮ ಕ್ರೈಸ್ತ ಸಭೆಯ ಆರಾಧನೆಗೆಂದು ಕಿರುನಾಟಕಗಳನ್ನು ಬರೆಯಲು ತೊಡಗಿ 11 ವರ್ಷಗಳಾದವು. ಇಲ್ಲಿಯವರೆಗೆ ಬರೆದು ಆಡಿಸಿದ್ದು ನಲವತ್ತಕ್ಕೂ ಹೆಚ್ಚು. ಬಹುಪಾಲು ಐದಾರು ನಿಮಿಷದವು, ಪ್ರಸಂಗಕ್ಕೆ, ಅಂದರೆ ಸಭಾಪಾಲಕರ ಬೋಧನೆಗೆ, ಮುಂಚೆ ಆಡುವಂಥವು. ಅವುಗಳಲ್ಲಿ ಜನ ಅತಿ ಹೆಚ್ಚು ನಕ್ಕದ್ದು ಯಾವುದಕ್ಕೆ ಎಂದು ಯಾರಾದರೂ ಕೇಳಿದರೆ ಯೋಚಿಸದೆ ಉತ್ತರ ಹೇಳಬಲ್ಲೆ. ನನ್ನನ್ನು ಇವತ್ತಿಗೂ ಚುಚ್ಚುತ್ತಿರುವುದು ಕೂಡ ಅದೇ ನಾಟಕ. ಅದರ ಬಗ್ಗೆ ಬರೆಯಬೇಕೆಂದು ಎರಡು ವರ್ಷಗಳಿಂದ ಅಂದುಕೊಳ್ಳುತ್ತಿದ್ದೆ. ಬರೆಯಲು ಕೂತಾಗಲೆಲ್ಲ ಅದು ಕ್ಷಮಾಪಣೆಯ ಪತ್ರವಾಗಿಬಿಡುತ್ತಿತ್ತು. ಕ್ಷಮೆ ಕೇಳಬೇಕಾದವರ ಬಳಿಗೆ ಹೋಗಿ ಕೇಳಿದ್ದಾಗಿದೆ. ಈಗ ಉಳಿದಿರುವುದು ಯೋಚನೆ.

ನಾಟಕದ ವಸ್ತು, ಪ್ರಸಂಗದ ಹೊತ್ತಿನಲ್ಲಿ ಬರುವ ನಿದ್ದೆ. ವೇದಿಕೆಯ ಮೇಲೆ ಸಭೆಗೆ ಮುಖ ಮಾಡಿ ಮೂರು ಕುರ್ಚಿಗಳು. ನಡುವಿನ ಕುರ್ಚಿಯಲ್ಲಿ ಕೂತವನಿಗೆ ಮೊದಲು ರೆಪ್ಪೆ ಭಾರವಾಗುತ್ತದೆ. ಕಣ್ಣು ಮುಚ್ಚಿದ್ದನ್ನು ಪ್ರಾರ್ಥನೆಯೆಂದು ತೋರಿಸಲು ಅವನು ಕೈ ಜೋಡಿಸುತ್ತಾನೆ. ಗಲ್ಲ ಎದೆಗೆ ತಾಗುತ್ತದೆ, ತಟ್ಟನೆ ಎದ್ದು ಸತ್ಯವೇದದ (ಬೈಬಲಿನ) ಪುಟ ತಿರುವುತ್ತಾನೆ, ಪುಸ್ತಕ ತಲೆಕೆಳಗಾಗಿರುತ್ತದೆ. ಕೊನೆಗೆ ಪಕ್ಕದವರ ಹೆಗಲಿಗೆ ತಲೆ ಜಾರಿ, ಬೆಚ್ಚಿ ಎಚ್ಚೆತ್ತು, ಯಾರೂ ಏನೂ ಹೇಳದಿರುವಾಗ ದೊಡ್ಡ ದನಿಯಲ್ಲಿ ‘ಆಮೆನ್’ ಎನ್ನುತ್ತಾನೆ. ಆ ಪಾತ್ರ ಮಾಡಿದ ಹುಡುಗನಿಗೆ ಹಾಸ್ಯದ ಹದ ಹುಟ್ಟಿನಿಂದಲೇ ಬಂದದ್ದು. ಒಂದು ಮಾತೂ ಇಲ್ಲದೆ ನಾಲ್ಕು ನಿಮಿಷ ಇಡೀ ಸಭೆಯನ್ನು ಹಿಡಿದಿಟ್ಟ. ‘ಆಮೆನ್’ ಬಂದಾಗ ಮಕ್ಕಳು ಬೆಂಚಿನ ಮೇಲೆ ಹೊರಳಾಡಿ ನಕ್ಕರು. ಸಭಾಪಾಲಕರು ಪ್ರಸಂಗಪೀಠದ ಪಕ್ಕದಲ್ಲಿ ನಿಂತು, ನಗು ತಗ್ಗಲೆಂದು ಕಾಯುತ್ತಿದ್ದರು.

ನಾನು ಪಕ್ಕದ ಬಾಗಿಲಿನ ಬಳಿ ನಿಂತು ನೋಡುತ್ತಿದ್ದೆ. ಅಲ್ಲಿಂದ ಜನರ ಮುಖಗಳು ಕಾಣುತ್ತವೆ. ನಗುತ್ತಿದ್ದ ಮುಖಗಳು ಒಂದೊಂದಾಗಿ ಎಡಕ್ಕೆ ತಿರುಗತೊಡಗಿದವು. ಮೊದಲು ಒಂದು ಸಾಲು, ಆಮೇಲೆ ಅದರ ಹಿಂದಿನದು. ಎಡಗಡೆಯ ಕಂಬದ ಪಕ್ಕ, ನಾಲ್ಕನೆಯ ಬೆಂಚಿನ ತುದಿಯಲ್ಲಿ ವರ್ಷಗಳಿಂದ ಕೂರುವ ಒಬ್ಬ ನಡುವಯಸ್ಸಿನ ಅಣ್ಣ ಇದ್ದಾರೆ. ಪ್ರಸಂಗ ಶುರುವಾಗಿ ಹತ್ತು ನಿಮಿಷಕ್ಕೆ ಅವರ ತಲೆ ಕಂಬಕ್ಕೆ ಒರಗುತ್ತದೆ. ಸಭೆಗೆಲ್ಲ ಗೊತ್ತಿರುವ ಸಂಗತಿ ಅದು. ನಾಟಕ ಬರೆಯುವಾಗ ಅವರು ನನ್ನ ಮನಸ್ಸಿನಲ್ಲಿ ಇರಲಿಲ್ಲ. ಈ ಮಾತನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಅವರೂ ನಗುತ್ತಿದ್ದರು. ಮಂಡಿಯ ಮೇಲೆ ಕೈ ಬಡಿದುಕೊಂಡು ನಕ್ಕರು. ಅದನ್ನು ನೋಡಿ ನನಗೆ ನಿರಾಳವೆನಿಸಿತು.

ಮುಂದಿನ ಭಾನುವಾರ ಆ ಜಾಗ ಖಾಲಿ ಇತ್ತು. ಅದರ ಮುಂದಿನ ವಾರವೂ ಅಷ್ಟೇ. ಮೂರನೆಯ ವಾರ ಧ್ವನಿವರ್ಧಕದ ಗುಂಡಿ ಸರಿಮಾಡಲೆಂದು ಹಿಂದಕ್ಕೆ ಹೋದಾಗ ಅವರನ್ನು ಕಂಡೆ. ದೊಡ್ಡ ಬಾಗಿಲಿನ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು. ಪ್ರಸಂಗ 40 ನಿಮಿಷ ನಡೆಯಿತು. ಅಷ್ಟು ಹೊತ್ತೂ ನಿಂತೇ ಇದ್ದರು. ಪಕ್ಕದಲ್ಲೇ ಖಾಲಿ ಬೆಂಚು ಇತ್ತು. ಆಶೀರ್ವಾದದ ಮಾತು ಮುಗಿದ ಕೂಡಲೇ ಎಲ್ಲರಿಗಿಂತ ಮುಂಚೆ ಹೊರಟುಹೋದರು. ಆಮೇಲೆ ವಿಚಾರಿಸಿದಾಗ ತಿಳಿಯಿತು: ಅವರದು ರಾತ್ರಿಪಾಳಿಯ ಕಾವಲಿನ ಕೆಲಸ. ಪಾಳಿ ಮುಗಿಯುವುದು ಬೆಳಿಗ್ಗೆ ಆರಕ್ಕೆ. ಮನೆಗೆ ಹೋಗಿ ಮಲಗಿದರೆ ಆರಾಧನೆಯ ಹೊತ್ತಿಗೆ ಏಳಲಾಗುವುದಿಲ್ಲವೆಂದು ಮುಖ ತೊಳೆದುಕೊಂಡು ನೇರವಾಗಿ ಇಲ್ಲಿಗೇ ಬರುತ್ತಾರೆ. ನಾವು ನಕ್ಕದ್ದು, ನಿದ್ದೆಯನ್ನು ಮುಡಿಪಿಟ್ಟು ಬಂದ ಮನುಷ್ಯನ ನಿದ್ದೆಗೆ.

ವಿಳಾಸವಿರುವ ನಗು

‘ಯಾರನ್ನೂ ಉದ್ದೇಶಿಸಿ ಬರೆದಿರಲಿಲ್ಲ’ ಎಂಬ ಮಾತು ನಿಜವಾದರೂ ಸಾಲದು. ರಂಗಮಂದಿರದಲ್ಲಿ ಪಕ್ಕದ ಆಸನದವರು ಅಪರಿಚಿತರು. ಅಲ್ಲಿ ಜಿಪುಣನ ಪಾತ್ರ ಬಂದರೆ ಪ್ರೇಕ್ಷಕ ಜಿಪುಣತನವನ್ನು ನೋಡಿ ನಗುತ್ತಾನೆ, ಹೆಚ್ಚೆಂದರೆ ಮನೆಯಲ್ಲಿರುವ ಮಾವನನ್ನು ನೆನೆದುಕೊಳ್ಳುತ್ತಾನೆ. ಸಭೆಯಲ್ಲಿ ಹಾಗಲ್ಲ. ಯಾರು ಯಾವ ಬೆಂಚಿನಲ್ಲಿ ಕೂರುತ್ತಾರೆ, ಯಾರು ತಡವಾಗಿ ಬರುತ್ತಾರೆ, ಯಾರ ಮಗ ಮನೆ ಬಿಟ್ಟು ಹೋಗಿದ್ದಾನೆ, ಪ್ರಾರ್ಥನೆ ಮಾಡಲು ಎದ್ದರೆ ಯಾರು ಬೇಗ ಕೂರುವುದಿಲ್ಲ, ಹಾಡುವಾಗ ಯಾರ ಶ್ರುತಿ ತಪ್ಪುತ್ತದೆ, ಇದೆಲ್ಲ ಎಲ್ಲರಿಗೂ ಗೊತ್ತು. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಲಿ ಎಂದೇ ಹೀಗೆ ಗೊತ್ತಿರುವುದು. ಅಂಥ ಕಡೆ ಬರುವ ಪ್ರಹಸನದ ಪ್ರತಿಯೊಂದು ಪಾತ್ರಕ್ಕೂ ಕೋಣೆಯೊಳಗೇ ಒಂದು ವಿಳಾಸ ಇರುತ್ತದೆ. ಬರೆದವರಿಗೆ ಅದು ತಿಳಿಯದಿರಬಹುದು, ಕೂತವರು ಕ್ಷಣಾರ್ಧದಲ್ಲಿ ಹುಡುಕಿಬಿಡುತ್ತಾರೆ.

ಆರಾಧನೆಯಲ್ಲಿ ನಾಟಕ ಬೇಕೇ ಬೇಡವೇ ಎಂಬ ವಾದದಲ್ಲಿ ಈ ಮಾತು ಬಂದದ್ದನ್ನು ನಾನು ಕೇಳಿಲ್ಲ. ವಾದ ಯಾವಾಗಲೂ ಬೇರೆ ಕಡೆ ನಡೆಯುತ್ತದೆ. ಮನರಂಜನೆ ಒಳಗೆ ಬಂದರೆ ಭಯಭಕ್ತಿ ಹೊರಗೆ ಹೋಗುತ್ತದೆ ಎನ್ನುವವರು ಒಂದು ಕಡೆ, ಯುವಜನರನ್ನು ಉಳಿಸಿಕೊಳ್ಳಬೇಕಾದರೆ ಇದೆಲ್ಲ ಬೇಕು ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತು ನನಗೆ ಹಿಡಿಸುವುದಿಲ್ಲ. ಸುವಾರ್ತೆಗೆ ಜನ ಸೇರಿಸುವ ಗಾಳವಾಗಿ ನಾಟಕವನ್ನು ಕಂಡರೆ ನಾಟಕಕ್ಕೂ ಸುವಾರ್ತೆಗೂ ಅವಮಾನ. ಮೊದಲನೆಯವರ ಮಾತನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ.

‘ವಾಕ್ಯ ಸಾಲದೇ?’

ಕಿರುನಾಟಕ ಶುರುಮಾಡಿದ ಮೊದಲ ವರ್ಷ ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ ಪ್ರಶ್ನೆ ಅದು. ವಾಕ್ಯವೆಂದರೆ ಸತ್ಯವೇದದ ಮಾತು. ಸಿಟ್ಟಿನಿಂದ ಕೇಳಲಿಲ್ಲ, ಸಂಕಟದಿಂದ ಕೇಳಿದರು. ನಂಬಿಕೆ ಕೇಳುವುದರಿಂದ ಹುಟ್ಟುತ್ತದೆ ಎಂದು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದಿಲ್ಲವೇ? ದೇವರು ತಾನೇ ಆಜ್ಞಾಪಿಸಿದ್ದನ್ನು ಬಿಟ್ಟು ಬೇರೇನನ್ನೂ ಆರಾಧನೆಯೊಳಗೆ ತರಬಾರದು ಎಂಬ ನಿಲುವು ಹದಿನಾರನೆಯ ಶತಮಾನದ ಸುಧಾರಣೆಯ ಕಾಲದಿಂದ, ವಿಶೇಷವಾಗಿ ಸುಧಾರಕ ಕ್ಯಾಲ್ವಿನನ ಹಾದಿ ಹಿಡಿದ ಸಭೆಗಳಲ್ಲಿ, ಗಟ್ಟಿಯಾಗಿ ಬೇರೂರಿದೆ. ಅದಕ್ಕೂ ಹಿಂದೆ, ಸುಮಾರು ಕ್ರಿ.ಶ. 200ರ ಹೊತ್ತಿಗೆ, ಉತ್ತರ ಆಫ್ರಿಕದ ಕಾರ್ಥೇಜಿನ ಲೇಖಕ ತೆರ್ತುಲಿಯನ್, ಕ್ರೈಸ್ತರು ನಾಟಕ, ಪಂದ್ಯಗಳ ಕಡೆಗೆ ಹೋಗಲೇಬಾರದು ಎಂದು ಒಂದು ಇಡೀ ಗ್ರಂಥ ಬರೆದ. ಅವನ ಕಾಲದ ರಂಗಸ್ಥಳ ಇತರ ದೇವತೆಗಳ ಉತ್ಸವಕ್ಕೆ ಅಂಟಿಕೊಂಡಿತ್ತು. ಅಖಾಡದಲ್ಲಿ ಮನುಷ್ಯರನ್ನು ಕೊಲ್ಲುವುದೇ ಪ್ರೇಕ್ಷಕರಿಗೆ ಆಟವಾಗಿತ್ತು. ಅವನ ಸಿಟ್ಟಿಗೆ ಕಾರಣವಿತ್ತು.

ಆ ಹಿರಿಯರಿಗೆ ಅಂದು ನಾನು ಕೊಟ್ಟ ಉತ್ತರ ಪ್ರವಾದಿಗಳದ್ದು. ಯೆಹೆಜ್ಕೇಲ ಒಂದು ಇಟ್ಟಿಗೆಯ ಮೇಲೆ ಯೆರೂಸಲೇಮಿನ ಚಿತ್ರ ಕೊರೆದು, ಅದಕ್ಕೆ ಮುತ್ತಿಗೆ ಹಾಕಿ, ನಡುವೆ ಕಬ್ಬಿಣದ ಹಂಚನ್ನು ಗೋಡೆಯಂತೆ ನಿಲ್ಲಿಸಿ, 390 ದಿನ ಎಡಮಗ್ಗುಲಲ್ಲಿ, 40 ದಿನ ಬಲಮಗ್ಗುಲಲ್ಲಿ ಮಲಗಬೇಕಾಯಿತು. ಯೆರೆಮೀಯ ಹಿರಿಯರ ಕಣ್ಣೆದುರೇ ಮಣ್ಣಿನ ಕೂಜೆ ಒಡೆದ, ಕುತ್ತಿಗೆಗೆ ನೊಗ ಹೊತ್ತು ನಡೆದ. ಅಗಬ ಪೌಲನ ನಡುಕಟ್ಟಿನಿಂದ ತನ್ನದೇ ಕೈಕಾಲು ಕಟ್ಟಿಕೊಂಡು ತೋರಿಸಿದ. ಹಿರಿಯರು ತಾಳ್ಮೆಯಿಂದ ಕೇಳಿ, ‘ಅವರನ್ನು ದೇವರು ಕಳುಹಿಸಿದ್ದ. ಅಭಿನಯಿಸಿದವರೇ ಮಲಗಿದರು, ಅಭಿನಯಿಸಿದವರೇ ನೊಗ ಹೊತ್ತರು. ನಿಮ್ಮ ನಾಟಕದಲ್ಲಿ ನೊಗ ಹೊರುವವರು ಯಾರು?’ ಎಂದರು. ಆಗ ಅದು ಮಾತಿನ ಚಮತ್ಕಾರ ಅನಿಸಿತ್ತು. ಹಿಂದಿನ ಗೋಡೆಗೆ ಒರಗಿ ನಿಂತವರನ್ನು ನೋಡಿದ ದಿನ ಆ ಪ್ರಶ್ನೆ ನನಗೆ ಅರ್ಥವಾಯಿತು.

ಆದರೂ ನಾಟಕ ಆರಾಧನೆಗೆ ಹೊರಗಿನಿಂದ ಬಂದ ಅತಿಥಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರೋಮಿನ ರಂಗಸ್ಥಳಗಳು ಪಾಳುಬಿದ್ದು ಶತಮಾನಗಳು ಕಳೆದ ಮೇಲೆ ಯುರೋಪಿನಲ್ಲಿ ನಾಟಕ ಮತ್ತೆ ಚಿಗುರಿದ ಜಾಗಗಳಲ್ಲಿ ಬಲಿಪೀಠದ ಮುಂಭಾಗವೂ ಒಂದು. ಹತ್ತನೆಯ ಶತಮಾನದ ಈಸ್ಟರ್ ಆರಾಧನೆಯಲ್ಲಿ ಒಂದು ಚಿಕ್ಕ ಪ್ರಶ್ನೋತ್ತರ ಸೇರಿಕೊಂಡಿತು: ಸಮಾಧಿಯಲ್ಲಿ ಯಾರನ್ನು ಹುಡುಕುತ್ತಿದ್ದೀರಿ ಎಂದು ದೂತ ಕೇಳುತ್ತಾನೆ, ಸ್ತ್ರೀಯರು ಉತ್ತರಿಸುತ್ತಾರೆ, ಆತನು ಇಲ್ಲಿಲ್ಲ, ಎದ್ದಿದ್ದಾನೆ ಎಂದು ದೂತ ಹಾಡುತ್ತಾನೆ. ಅಷ್ಟೇ. ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಬಿಷಪ್ ಎಥೆಲ್‌ವೋಲ್ಡ್ 970ರ ದಶಕದ ಸುಮಾರಿಗೆ ಸನ್ಯಾಸಿಗಳಿಗೆಂದು ಸಿದ್ಧಪಡಿಸಿದ ನಿಯಮಾವಳಿಯಲ್ಲಿ ಇದನ್ನು ಹೇಗೆ ಆಡಬೇಕೆಂಬ ಸೂಚನೆಗಳಿವೆ. ಒಬ್ಬ ಸನ್ಯಾಸಿ ಬಿಳಿ ನಿಲುವಂಗಿ ತೊಟ್ಟು, ಬೇರೆ ಕೆಲಸಕ್ಕೆ ಬಂದವನಂತೆ ಯಾರ ಗಮನವನ್ನೂ ಸೆಳೆಯದೆ ಸಮಾಧಿಯ ಜಾಗಕ್ಕೆ ಹೋಗಿ, ಕೈಯಲ್ಲಿ ತಾಳೆಗರಿ ಹಿಡಿದು ಸುಮ್ಮನೆ ಕೂರಬೇಕು. ಉಳಿದ ಮೂವರು ಧೂಪಾರತಿ ಹಿಡಿದು, ಏನನ್ನೋ ಹುಡುಕುವವರಂತೆ ಹೆಜ್ಜೆ ಹೆಜ್ಜೆಗೂ ತಡೆದು ಬರಬೇಕು. ನಾನು ತಾಲೀಮಿನಲ್ಲಿ ಹುಡುಗರಿಗೆ ಹೇಳುವುದೂ ಇದನ್ನೇ. ಹುಡುಕುವವರಂತೆ ನಡೆಯಿರಿ, ಸಿಕ್ಕಿದವರಂತೆ ನಡೆಯಬೇಡಿ. ಸಾವಿರ ವರ್ಷಗಳ ಹಿಂದೆಯೇ ಯಾರೋ ಇದನ್ನು ಕಂಡುಕೊಂಡು ಬರೆದಿಟ್ಟಿದ್ದಾರೆ ಎಂಬುದು ನನಗೆ ದೊಡ್ಡ ಸಮಾಧಾನ.

ಗಂಭೀರ ನಾಟಕ ಸರಿ, ನಗು ಬೇಡ ಎನ್ನುವವರೂ ಇದ್ದಾರೆ. ಬಾಸೆಲ್ ನಗರದಲ್ಲಿದ್ದ ದೇವಶಾಸ್ತ್ರಜ್ಞ ಎಕೊಲಂಪಾಡಿಯಸ್ 1518ರಲ್ಲಿ ಬರೆದದ್ದು ಇಂಥದೇ ಒಂದು ಅಳಲು. ಈಸ್ಟರ್ ದಿನ ಬೋಧಕರು ಪ್ರಸಂಗಪೀಠದಿಂದಲೇ ಜನರನ್ನು ನಗಿಸುವ ರೂಢಿ ಆಗ ಜರ್ಮನ್ ನಾಡುಗಳಲ್ಲಿತ್ತು. ಮರಣ ಸೋತ ದಿನ ನಗಬೇಕು ಎಂಬುದು ಅದರ ಹಿಂದಿನ ಭಾವ. ಆದರೆ ನಗಿಸಲೇಬೇಕೆಂಬ ಹಟಕ್ಕೆ ಬಿದ್ದ ಬೋಧಕರು ಅಸಭ್ಯ ಕಥೆಗಳವರೆಗೂ ಇಳಿದಿದ್ದರು. ಪುನರುತ್ಥಾನದ ಹರ್ಷಕ್ಕೆ ಹುಟ್ಟಿದ ನಗು ಕೊನೆಗೆ ನಗುವಿಗಾಗಿ ನಗು ಆಗಿತ್ತು. ನಾಲ್ಕು ನಿಮಿಷದ ನಾಟಕದಲ್ಲಿ ಎರಡನೆಯ ನಿಮಿಷಕ್ಕೆ ಜನ ನಕ್ಕರೆ ಮೂರನೆಯ ನಿಮಿಷಕ್ಕೆ ಇನ್ನೂ ಜೋರಾಗಿ ನಗಿಸಬೇಕೆಂಬ ಆಸೆ ಹೇಗೆ ಹತ್ತುತ್ತದೆಂದು ಬರೆಯುವವರಿಗೆ ಗೊತ್ತು. ತಲೆಕೆಳಗಾದ ಸತ್ಯವೇದ ಮೊದಲ ಪ್ರತಿಯಲ್ಲಿ ಇರಲಿಲ್ಲ. ತಾಲೀಮಿನಲ್ಲಿ ಹುಡುಗರು ನಕ್ಕರೆಂದು ಸೇರಿಸಿದೆ.

ಮೊಳೆ ಹೊಡೆಯುವವರು

ನಗು ಹೇಗೆ ತಿರುಗಬೇಕು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ ಇಂಗ್ಲೆಂಡಿನ ಯಾರ್ಕ್ ನಗರದ ಹಳೆಯ ಬೀದಿನಾಟಕಗಳಲ್ಲಿದೆ. ಮಧ್ಯಯುಗದಲ್ಲಿ ಅಲ್ಲಿನ ಕಸುಬುದಾರರ ಸಂಘಗಳು ಸೃಷ್ಟಿಯಿಂದ ಅಂತಿಮ ನ್ಯಾಯತೀರ್ಪಿನವರೆಗಿನ ಕಥೆಯನ್ನು ಒಂದೊಂದು ಭಾಗವಾಗಿ ಹಂಚಿಕೊಂಡು ಬಂಡಿಗಳ ಮೇಲೆ ಆಡುತ್ತಿದ್ದವು. ಶಿಲುಬೆಗೇರಿಸುವ ಭಾಗ ಪಿನ್ನು, ಮೊಳೆಗಳಂಥ ಸಣ್ಣ ಸಾಮಾನು ಮಾಡುವವರ ಸಂಘದ್ದು. ಅದರಲ್ಲಿ ನಾಲ್ವರು ಸೈನಿಕರು ಕೆಲಸಗಾರರಂತೆ ಗೊಣಗುತ್ತಾರೆ. ಮರದಲ್ಲಿ ಕೊರೆದ ತೂತುಗಳು ಅಳತೆಗೆ ಸರಿಯಾಗಿಲ್ಲ, ಕೈ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಹಗ್ಗ ಕಟ್ಟಿ ಎಳೆಯಿರಿ ಎನ್ನುತ್ತಾನೆ ಒಬ್ಬ. ಶಿಲುಬೆ ಭಾರ, ಬೆನ್ನು ಹೋಯಿತು ಎನ್ನುತ್ತಾನೆ ಇನ್ನೊಬ್ಬ. ಕೆಟ್ಟ ಕೆಲಸಗಾರಿಕೆಯ ಮೇಲಿನ ಈ ಜಗಳ ನಗು ತರಿಸುವಂಥದ್ದು. ಕೆಲಸ ಹೇಗಾದರೂ ಮುಗಿಯಲಿ ಎಂದು ನೋಡುವವರ ಮನಸ್ಸೂ ತವಕಿಸುತ್ತದೆ. ಅಷ್ಟರಲ್ಲಿ ಶಿಲುಬೆ ಮೇಲೇಳುತ್ತದೆ. ಅದರ ಮೇಲಿರುವವನು ಹಾದಿಹೋಕರನ್ನೆಲ್ಲ ಉದ್ದೇಶಿಸಿ ಮಾತಾಡುತ್ತಾನೆ, ನನ್ನ ತಲೆ, ಕೈ, ಕಾಲುಗಳನ್ನು ನೋಡಿರಿ ಎನ್ನುತ್ತಾನೆ. ಬೀದಿಯಲ್ಲಿ ನಿಂತು ನೋಡುತ್ತಿದ್ದವರೇ ಆ ಹಾದಿಹೋಕರು.

ಇಲ್ಲಿ ನಗು ಯಾರ ಮೇಲೆ ಬಿತ್ತು ನೋಡಿ. ಮೊಳೆ ಮಾಡುವವರೇ ಮೊಳೆ ಹೊಡೆಯುವ ದೃಶ್ಯವನ್ನು ಆಡಿದರು. ತಮ್ಮ ಕಸುಬಿನ ಗೊಣಗಾಟವನ್ನು ತಾವೇ ತೋರಿಸಿದರು. ನೋಡಿದವರು ನಗುತ್ತ ನಗುತ್ತ ಆ ಕೆಲಸದಲ್ಲಿ ಪಾಲುದಾರರಾದರು. ಯಾರೂ ಇನ್ನೊಬ್ಬರ ಕಡೆ ಕತ್ತು ತಿರುಗಿಸಲು ಜಾಗವೇ ಉಳಿಯಲಿಲ್ಲ. ಇನ್ನೊಬ್ಬನ ಹೆಂಡತಿಯನ್ನು ಕಿತ್ತುಕೊಂಡಿದ್ದ ದಾವೀದನಿಗೆ ಪ್ರವಾದಿ ನಾತಾನನು ಹೇಳಿದ ಕಥೆಯ ಹೆಣಿಗೆಯೂ ಇದೇ. ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಮೇಲೆ ದಾವೀದ ಕೆಂಡವಾಗಿ, ಅವನಿಗೆ ಮರಣವೇ ತಕ್ಕದ್ದು ಎಂದ ಮೇಲೆ ‘ಆ ಮನುಷ್ಯನು ನೀನೇ’ ಎಂಬ ಮಾತು ಬರುತ್ತದೆ. ಆ ಕಥೆ ಕೇಳಿದವನು ರಾಜ. ಹೇಳಿದವನು ತನ್ನ ಪ್ರಾಣವನ್ನು ಪಣಕ್ಕಿಟ್ಟಿದ್ದ. ನಾವು ಆಡಿದ ನಿದ್ದೆಯ ನಾಟಕದಲ್ಲಿ ನಮಗೆ ಯಾವ ಅಪಾಯವೂ ಇರಲಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ ಮನುಷ್ಯನ ತಲೆಯ ಮೇಲೆ ಅದು ಹೋಗಿ ಬಿತ್ತು.

ಯೇಸುವಿನ ಮಾತಿನಲ್ಲೂ ನಗು ಇದೆ. ಕಣ್ಣಲ್ಲಿ ತೊಲೆ ಇಟ್ಟುಕೊಂಡವನು ಇನ್ನೊಬ್ಬನ ಕಣ್ಣಿನ ರವೆ ತೆಗೆಯಲು ಬಗ್ಗುತ್ತಾನೆ, ಸೊಳ್ಳೆಯನ್ನು ಸೋಸಿದವನು ಒಂಟೆಯನ್ನು ನುಂಗುತ್ತಾನೆ. ಇವನ್ನು ಕೇಳಿದವರು ನಗದೆ ಇದ್ದಿರಲಾರರು. ಆದರೆ ಆತನ ನಗೆಚಾಟಿ ಬೀಸಿದ್ದು ಮುಂದಿನ ಸಾಲಿನವರ ಕಡೆಗೆ. ದಣಿದವರ ಕಡೆಗೆ ಒಂದು ಸಲವೂ ಬೀಸಿದ್ದನ್ನು ನಾನು ಸುವಾರ್ತೆಗಳಲ್ಲಿ ಕಾಣೆ.

ಆ ಮಾಳಿಗೆಯ ದೀಪಗಳು

ಗೋಡೆಗೆ ಒರಗಿ ನಿಂತವರ ವಿಷಯ ತಿಳಿದ ಮೇಲೆ ನಾನು ಯೂತಿಖನ ಕಥೆಯನ್ನು ಮತ್ತೆ ಓದಿದೆ. ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯ. ಪೌಲನ ಪ್ರಸಂಗದಲ್ಲಿ ನಿದ್ದೆ ಹೋಗಿ ಮೂರನೆಯ ಅಂತಸ್ತಿನಿಂದ ಬಿದ್ದ ಹುಡುಗ ಎಂದು ಭಾನುವಾರದ ಶಾಲೆಯಿಂದಲೂ ನಾವೆಲ್ಲ ನಗುತ್ತ ಬಂದ ಕಥೆ. ನನ್ನ ನಾಟಕಕ್ಕೆ ಹೊಳಹು ಸಿಕ್ಕಿದ್ದೂ ಅಲ್ಲಿಂದಲೇ. ಈ ಸಲ ಓದಿದಾಗ, ಹಿಂದೆ ಎಂದೂ ನಿಲ್ಲದಿದ್ದ ಒಂದು ವಾಕ್ಯದಲ್ಲಿ ನಿಂತೆ. ನಾವು ಕೂಡಿದ್ದ ಮೇಲಂತಸ್ತಿನಲ್ಲಿ ಬಹಳ ದೀಪಗಳಿದ್ದವು ಎನ್ನುತ್ತಾನೆ ಆ ಪುಸ್ತಕ ಬರೆದ ಲೂಕ. ಹುಡುಗ ಬೀಳುವುದಕ್ಕೆ ಮುಂಚಿನ ವಾಕ್ಯ ಇದು. ಕಥೆ ಹೇಳಲು ಈ ದೀಪಗಳು ಬೇಕೇ ಇಲ್ಲ. ಆದರೂ ಲೂಕ ಹೇಳುತ್ತಾನೆ. ಎಣ್ಣೆದೀಪಗಳ ಬಿಸಿ, ಹೊಗೆ, ಕಿಕ್ಕಿರಿದ ಜನ, ನಡುರಾತ್ರಿ. ಹುಡುಗ ಕಿಟಕಿಯಲ್ಲಿ ಕೂತದ್ದು ಗಾಳಿಗಾಗಿಯೇ ಇರಬೇಕು. ಪೌಲ ಇನ್ನೂ, ಇನ್ನೂ ಮಾತಾಡುತ್ತಲೇ ಇದ್ದ ಎಂದೂ ಲೂಕ ಸೇರಿಸುತ್ತಾನೆ. ತಪ್ಪನ್ನು ಹುಡುಗನ ಹೆಗಲಿಗೆ ಹಾಕದಿರಲು ಲೂಕ ಸಾಕ್ಷಿ ಕೂಡಿಡುತ್ತಿದ್ದಾನೆ ಎಂದು ನನಗೆ ತೋರುತ್ತದೆ.

ಅದು ವಾರದ ಮೊದಲ ದಿನ. ಭಾನುವಾರ ಆಗ ರಜೆಯಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ವಿಶ್ರಾಂತಿಯ ದಿನವೆಂದು ಸಾರಿದ್ದು 321ರಲ್ಲಿ. ತ್ರೋವ ಪಟ್ಟಣದ ಆ ಮಾಳಿಗೆಯಲ್ಲಿ ಕೂಡಿದ್ದವರಲ್ಲಿ ಅನೇಕರು ಹಗಲೆಲ್ಲ ದುಡಿದು ಬಂದವರೇ ಆಗಿರಬೇಕು. ಹುಡುಗ ಬಿದ್ದಾಗ ಪೌಲ ಮಾತು ನಿಲ್ಲಿಸಿ ಕೆಳಗೆ ಇಳಿದು ಬಂದ. ಅವನ ಮೇಲೆ ಬಿದ್ದು ತಬ್ಬಿಕೊಂಡ. ಗೋಳಾಡಬೇಡಿರಿ, ಅವನ ಪ್ರಾಣ ಅವನಲ್ಲಿದೆ ಎಂದ. ಆಮೇಲೆ ಮೇಲೆ ಹೋಗಿ ರೊಟ್ಟಿ ಮುರಿದು ಬೆಳಗಾಗುವ ತನಕ ಮಾತಾಡಿದ. ನಿದ್ದೆ ಮಾಡಿದ್ದಕ್ಕೆ ಒಂದೇ ಒಂದು ಗದರಿಕೆಯ ಮಾತು ಇಡೀ ಕಥೆಯಲ್ಲಿಲ್ಲ. ಬಿರುಗಾಳಿಯ ದೋಣಿಯಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದ ಕರ್ತನ ಶಿಷ್ಯರಲ್ಲವೇ ನಾವು? ದೇಹ ಸೋಲುವುದನ್ನು ಆತನು ಗೆತ್ಸೆಮನೆ ತೋಟದಲ್ಲಿ ಕಂಡ, ಶಿಷ್ಯರ ದೇಹಕ್ಕೆ ಬಲ ಸಾಲದೆಂದು ಅವರ ಪರವಾಗಿ ತಾನೇ ಹೇಳಿದ. ನಾನು ಇಷ್ಟನ್ನೂ ಬಿಟ್ಟು ಕಥೆಯಿಂದ ಬರೀ ತೂಕಡಿಕೆಯನ್ನು ಹೆಕ್ಕಿಕೊಂಡಿದ್ದೆ.

ಬಾಗಿಲು ತೆರೆದ ಅಜ್ಜಿ

ಇನ್ನೊಂದು ಭಾನುವಾರದ ಬಗ್ಗೆ ಹೇಳದಿದ್ದರೆ ನಾಟಕಕ್ಕೆ ಅನ್ಯಾಯ ಮಾಡಿದಂತೆ. ನಿದ್ದೆಯ ನಾಟಕ ಆಡಿದ ಮರುವರ್ಷ ನಾವು ರೋದೆಯ ಕಥೆಯನ್ನು ಎತ್ತಿಕೊಂಡೆವು. ಅಪೊಸ್ತಲರ ಕೃತ್ಯಗಳದೇ 12ನೆಯ ಅಧ್ಯಾಯ. ಯೇಸುವಿನ ಶಿಷ್ಯ ಪೇತ್ರ ಸೆರೆಯಲ್ಲಿದ್ದಾನೆ, ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಸಭೆ ಅವನಿಗಾಗಿ ಪ್ರಾರ್ಥಿಸುತ್ತಿದೆ. ದೂತನು ಬಿಡಿಸಿದ ಪೇತ್ರ ಬಂದು ಬಾಗಿಲು ತಟ್ಟುತ್ತಾನೆ. ದಾಸಿ ರೋದೆ ಅವನ ದನಿ ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಪ್ರಾರ್ಥಿಸುತ್ತಿದ್ದವರು ಅವಳಿಗೆ ಹುಚ್ಚು ಹಿಡಿದಿದೆ ಎನ್ನುತ್ತಾರೆ. ಪೇತ್ರ ತಟ್ಟುತ್ತಲೇ ಇರುತ್ತಾನೆ. ಇದಕ್ಕೆ ಹಾಸ್ಯವನ್ನು ಹೊರಗಿನಿಂದ ತರಬೇಕಾಗಿಲ್ಲ.

ಈ ಸಲ ವೇದಿಕೆಯನ್ನು ಬಳಸಲಿಲ್ಲ. ಪ್ರಾರ್ಥಿಸುವ ನಾಲ್ವರನ್ನು ಸಭೆಯ ನಡುವೆ ಬೇರೆ ಬೇರೆ ಬೆಂಚುಗಳಲ್ಲಿ ಕೂರಿಸಿದೆವು. ಪೇತ್ರನ ಪಾತ್ರಧಾರಿಯನ್ನು ಹೊರಗೆ ಕಳಿಸಿ, ದೊಡ್ಡ ಬಾಗಿಲಿಗೆ ಮೇಲಿನ ಚಿಲಕ ಹಾಕಿದೆವು. ಅವನು ತಟ್ಟಬೇಕಾದದ್ದು ಆ ಬಾಗಿಲನ್ನೇ. ಮೊದಲ ಸಲ ತಟ್ಟಿದಾಗ ಜನ ಬೆಚ್ಚಿ ಹಿಂದೆ ನೋಡಿದರು. ರೋದೆ ಓಡಿಹೋಗಿ, ಓಡಿಬಂದಳು. ಪ್ರಾರ್ಥನೆಗೆ ಅಡ್ಡಿ ಮಾಡಬೇಡ ಎಂದು ಒಬ್ಬರು ಗದರಿದಾಗ, ಪೇತ್ರನ ಬಿಡುಗಡೆಗಾಗಿ ಇನ್ನೊಂದು ಸಲ ಬೇಡೋಣ ಎಂದು ಇನ್ನೊಬ್ಬರು ಕಣ್ಣು ಮುಚ್ಚಿದಾಗ ಸಭೆ ನಕ್ಕಿತು. ಎರಡನೆಯ ಸಲ ತಟ್ಟುವ ಸದ್ದು. ವಾದ ಮುಂದುವರಿಯಿತು. ಮೂರನೆಯ ಸಲ ತಟ್ಟಿದಾಗ ಕೊನೆಯ ಬೆಂಚಿನಿಂದ ಒಬ್ಬ ಅಜ್ಜಿ ಎದ್ದರು. ಅವರಿಗೆ ಮಂಡಿನೋವು. ಬೆಂಚಿನ ತುದಿ ಹಿಡಿದು, ಗೋಡೆ ಹಿಡಿದು, ನಿಧಾನವಾಗಿ ಬಾಗಿಲ ಕಡೆ ನಡೆದರು. ನಾಟಕದವರ ಮಾತು ಒಂದೊಂದಾಗಿ ನಿಂತಿತು. ಚಿಲಕ ಅಜ್ಜಿಯ ಕೈಗೆ ಎಟಕಲಿಲ್ಲ. ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದ ಅಣ್ಣ ಕೈ ಚಾಚಿ ಅದನ್ನು ಎಳೆದುಕೊಟ್ಟರು.

ಬಾಗಿಲು ತೆರೆದಾಗ ನಾಲ್ಕನೆಯ ಸಲ ತಟ್ಟಲೆಂದು ಎತ್ತಿದ ಮುಷ್ಟಿಯೊಂದಿಗೆ ಆ ಹುಡುಗ ನಿಂತಿದ್ದ. ಬಿಸಿಲು ಅವನ ಬೆನ್ನ ಹಿಂದಿನಿಂದ ನೆಲದುದ್ದಕ್ಕೂ ಬಿತ್ತು. ಅಲ್ಲಿ ಆಡಬೇಕಾದ ಮಾತು ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅಜ್ಜಿ ಅವನ ಮಣಿಕಟ್ಟು ಹಿಡಿದು, ‘ಒಳಗೆ ಬಾ ಮಗನೇ, ಎಷ್ಟು ಹೊತ್ತಿನಿಂದ ತಟ್ಟುತ್ತಿದ್ದೀಯೆ’ ಎಂದರು. ನಾಟಕವೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಕೇಳಬಾರದು ಎನಿಸಿತು. ಸಭಾಪಾಲಕರು ಅಂದು ಬರೆದು ತಂದಿದ್ದ ಪೀಠಿಕೆಯನ್ನು ಬಿಟ್ಟು ನೇರವಾಗಿ ಅಧ್ಯಾಯವನ್ನು ಓದಿದರು. ಅಷ್ಟು ಗಮನವಿಟ್ಟು ವಾಕ್ಯ ಕೇಳಿದ ಸಭೆಯನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. ‘ವಾಕ್ಯ ಸಾಲದೇ’ ಎಂದು ಕೇಳಿದ್ದ ಹಿರಿಯರು ಹೊರಗೆ ಹೋಗುವಾಗ ನನ್ನ ಭುಜ ತಟ್ಟಿ ಮಾತಿಲ್ಲದೆ ನಡೆದರು.

ಅಂದಿನ ನಗು ನಮ್ಮೆಲ್ಲರದ್ದಾಗಿತ್ತು. ಬೇಡಿಕೊಂಡದ್ದು ಬಾಗಿಲಿಗೆ ಬಂದು ನಿಂತರೂ ನಂಬದವರಲ್ಲಿ ನಾನಿದ್ದೆ, ಸಭಾಪಾಲಕರಿದ್ದರು, ಮುಂದಿನ ಸಾಲಿನವರೂ ಇದ್ದರು. ಕತ್ತು ತಿರುಗಿಸಲು ಬಾಗಿಲೊಂದೇ ಇತ್ತು. ಅದಲ್ಲದೆ ಯಾರಾದರೂ ಎದ್ದು ಮಾಡಬೇಕಾದ ಒಂದು ಕೆಲಸವನ್ನು ನಾಟಕ ಹಾಗೇ ಬಿಟ್ಟಿತ್ತು. ನಾನು ಬೇಕೆಂದೇ ಬಿಟ್ಟದ್ದಲ್ಲ ಅದು. ಮುಂದಿನ ನಾಟಕಗಳಲ್ಲಿ ಬೇಕೆಂದೇ ಬಿಡಲು ನೋಡುತ್ತಿದ್ದೇನೆ.

ಈಗ ನಾವು ಮಾಡುವುದು

ಈ ಎರಡು ಭಾನುವಾರಗಳ ನಂತರ ನಮ್ಮ ತಂಡದ ರೀತಿ ಬದಲಾಗಿದೆ. ನಾಟಕದ ಕೊನೆಯಲ್ಲಿ ಯಾವ ಪಾತ್ರವೂ ನೀತಿ ಹೇಳುವುದಿಲ್ಲ. ಪ್ರಸಂಗಕ್ಕೆ ಅದರದೇ ಕೆಲಸವಿದೆ, ಅದನ್ನು ನಾವು ಅರ್ಧ ಮಾಡಿ ಕೆಡಿಸುವುದು ಬೇಡ. ಸಭಾಪಾಲಕರೂ ನಾಟಕವನ್ನು ವಿವರಿಸುವುದನ್ನು ಬಿಟ್ಟಿದ್ದಾರೆ. ಮುಗಿದ ಮೇಲೆ ಚಪ್ಪಾಳೆಗೆ ಎಡೆಯಾಗದಂತೆ ಪಾತ್ರಧಾರಿಗಳು ತಮ್ಮ ಜಾಗಕ್ಕೆ ಹೋಗಿ ಕೂರುತ್ತಾರೆ, ಆ ಮೌನದಲ್ಲೇ ವಾಕ್ಯದ ಓದು ಶುರುವಾಗುತ್ತದೆ. ಯೇಸುವಿನ ಪಾತ್ರವನ್ನು ಯಾರಿಗೂ ಕೊಡುವುದಿಲ್ಲ. ಆತನ ಮಾತುಗಳು ಬೇಕಾದರೆ ಸತ್ಯವೇದದಿಂದಲೇ ಯಾರಾದರೂ ಓದುತ್ತಾರೆ. (ಇದರಲ್ಲಿ ಬೇರೆ ಸಭೆಗಳು ಬೇರೆ ರೀತಿ ನಡೆಯುತ್ತವೆ, ಅವರದು ತಪ್ಪೆಂದು ನಾನು ಹೇಳುವುದಿಲ್ಲ.) ನೆಲದ ಮೇಲೆ ಕೂರುವ, ಬೀಳುವ ದೃಶ್ಯಗಳನ್ನು ಬಿಟ್ಟೆವು, ಮೂರನೆಯ ಸಾಲಿನಿಂದಾಚೆಗೆ ಅವು ಕಾಣುವುದೇ ಇಲ್ಲ. ಇದು ಚಿಕ್ಕ ವಿಷಯ, ಆದರೆ ಹಿಂದೆ ಕೂತವರಿಗೆ ಕಾಣದ್ದನ್ನು ಆಡುವುದೂ ಒಂದು ಬಗೆಯ ಅಸಡ್ಡೆ.

ಎಲ್ಲಕ್ಕಿಂತ ಮುಖ್ಯವಾದದ್ದು ತಾಲೀಮಿನ ಮೊದಲ ಸಂಜೆ. ಹಾಸ್ಯದ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ನಮ್ಮ ಬೆಂಚುಗಳನ್ನು ಮನಸ್ಸಿನಲ್ಲಿ ಸಾಲುಸಾಲಾಗಿ ನೆನೆಯುತ್ತೇವೆ. ಇದನ್ನು ಕೇಳಿ ಜನ ಯಾರ ಕಡೆ ತಿರುಗುತ್ತಾರೆ? ಆ ಹೊತ್ತು ಕೋಣೆಯಲ್ಲಿ ಮೌನ ಇರುತ್ತದೆ. ಕೆಲವು ಒಳ್ಳೆಯ ಸಾಲುಗಳು, ನಿಜವಾಗಿಯೂ ನಗೆ ಬರಿಸುವ ಸಾಲುಗಳು, ಅಲ್ಲೇ ಹೋಗುತ್ತವೆ. ಹೋದದ್ದಕ್ಕೆ ಹುಡುಗರು ಮೊದಮೊದಲು ಮುನಿಸಿಕೊಳ್ಳುತ್ತಿದ್ದರು. ಈಗ ಅವರೇ ಪೆನ್ಸಿಲ್ ಹಿಡಿದು ಹೊಡೆದುಹಾಕುತ್ತಾರೆ.

ಕ್ಷಮೆ ಕೇಳಲು ಹೋದದ್ದು ರೋದೆಯ ನಾಟಕದ ಮುಂದಿನ ವಾರ. ಅಷ್ಟು ತಡ ಮಾಡಿದ್ದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ‘ಅಣ್ಣಾ, ಆ ನಾಟಕದಿಂದ ನಿಮಗೆ ನೋವಾಯಿತು’ ಎಂದೆ. ‘ಏನಾಯಿತೀಗ? ನಾನೂ ನಕ್ಕೆನಲ್ಲ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು: ‘ನಿಂತರೆ ನಿದ್ದೆ ಬರುವುದಿಲ್ಲ, ಪೂರ್ತಿ ಕೇಳಿಸುತ್ತದೆ. ಆ ಬೆಂಚಿನಲ್ಲಿ ಕೂತರೆ ಮಾತ್ರ ಈಗ ಬೆನ್ನ ಮೇಲೆ ಕಣ್ಣುಗಳಿದ್ದಂತೆ ಆಗುತ್ತದೆ.’ ಕ್ಷಮಿಸಿದ್ದೇನೆ ಎಂದರು. ಆದರೆ ಮುಂದಿನ ಭಾನುವಾರವೂ ನಿಂತೇ ಇದ್ದರು, ಕಳೆದ ಭಾನುವಾರವೂ.

ಯೂತಿಖನ ಕಥೆಯನ್ನು ಮತ್ತೆ ಬರೆದಿದ್ದೇನೆ. ಈ ಸಲ ನಿದ್ದೆ ಹೋಗುವ ಹುಡುಗನನ್ನು ಯಾರೂ ಅಭಿನಯಿಸುವುದಿಲ್ಲ. ದೀಪಗಳಿಗೆ ಎಣ್ಣೆ ಹಾಕುತ್ತ ಸುತ್ತುವ ಒಬ್ಬ ಹೆಂಗಸು ಇದ್ದಾಳೆ. ಕಿಟಕಿಯ ಬಳಿಗೆ ಬಂದಾಗಲೆಲ್ಲ, ಹಗಲೆಲ್ಲ ದುಡಿದು ಬಂದಿದ್ದಾನೆ ಪಾಪ ಎಂದು ಪಕ್ಕದವರಿಗೆ ಮೆಲ್ಲಗೆ ಹೇಳುತ್ತಾಳೆ. ಕೊನೆಯಲ್ಲಿ ಮಾತಿಲ್ಲ, ಮೆಟ್ಟಿಲಿಳಿಯುವ ಹೆಜ್ಜೆಗಳ ಸದ್ದು ಮಾತ್ರ, ಮೂರು ಅಂತಸ್ತಿನಷ್ಟು. ಪ್ರತಿಯನ್ನು ಹೋದ ವಾರ ಅಣ್ಣನ ಕೈಗೆ ಕೊಟ್ಟು, ಓದಿ ಬೇಡವೆಂದರೆ ಆಡುವುದಿಲ್ಲ ಎಂದೆ. ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ರಾತ್ರಿ ಪಾಳಿ ಉದ್ದವಿರುತ್ತದೆ, ಓದುತ್ತೇನೆ ಎಂದರು.